ಕೊಕ್ಕಿಗೊಂದು ಶೇಡ್ ಕಾರ್ಡ್

ನನ್ನ ದಿನಚರಿಯ ಒಂದು ಪುಟದಲ್ಲಿ ‘ಕೊಕ್ಕು ಕೆಂಪು’ ಎಂದು ಬರೆದಿದೆ. ಅಕ್ಷರ ನನ್ನದೇ. ಆದರೆ ಆ ಕೆಂಪನ್ನು ನಾನು ಎಲ್ಲಿಂದ ತಂದೆ ಎಂಬುದು ಇವತ್ತಿಗೂ ಗೊತ್ತಾಗಿಲ್ಲ. ಏಕೆಂದರೆ ನನಗೆ ಕೆಂಪಿಗೂ ಹಸಿರಿಗೂ ಇರುವ ವ್ಯತ್ಯಾಸ ಕಾಣುವುದಿಲ್ಲ.

ಪೂರ್ತಿ ಕಾಣುವುದಿಲ್ಲ ಎಂದರೆ ಅದೂ ಸುಳ್ಳಾದೀತು. ಬಯಲಿನಲ್ಲಿ, ಬಿಸಿಲಿನಲ್ಲಿ, ವಸ್ತು ದೊಡ್ಡದಿದ್ದರೆ ಊಹಿಸಬಲ್ಲೆ. ನೆರಳಿನಲ್ಲಿರುವ ಸಣ್ಣ ವಸ್ತುವಾದರೆ ಕೆಂಪು, ಹಸಿರು, ಕಂದು ಮೂರೂ ಸೇರಿ ಒಂದೇ ಮಂಕು. ನೀಲಿ, ಹಳದಿಯ ತೊಂದರೆಯಿಲ್ಲ. ಸಿಗ್ನಲ್ಲಿನಲ್ಲಿ ಮೇಲಿನ ದೀಪವೋ ಕೆಳಗಿನದೋ ಎಂದು ನೋಡಿ ಗಾಡಿ ಓಡಿಸುತ್ತೇನೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ನಾನು. ಕೆಂಪಿನ ಅಲೆಯುದ್ದ ಎಷ್ಟು, ಹಸಿರಿನದೆಷ್ಟು ಎಂದು ಕೇಳಿದರೆ ತಡವರಿಸದೆ ಹೇಳುತ್ತೇನೆ. ಟೊಮೆಟೊ ಹಣ್ಣಾಗಿದೆಯೇ ಎಂದು ಕೇಳಿದರೆ ಮಾತ್ರ ಹಿಸುಕಿ ನೋಡುತ್ತೇನೆ.

ಇಂಥವನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಬಣ್ಣ ಪಾಸು ಮಾಡುವ ಇನ್‌ಸ್ಪೆಕ್ಟರ್ ಆಗಿದ್ದೆ.

ಸೇರಿದಾಗ ಕೆಲಸ ಅದಾಗಿರಲಿಲ್ಲ. ಯಂತ್ರಗಳಿಗೆ ಹೊದಿಸುವ ತಗಡಿನ ಪ್ಯಾನೆಲ್ಲುಗಳನ್ನು ಮಾಡುವ ಕಾರ್ಖಾನೆ ಅದು. ಬಣ್ಣದ ಪದರ ಎಷ್ಟು ದಪ್ಪವಿದೆ, ಗೀರು ಬಿದ್ದಿದೆಯೇ, ಕೆರೆದರೆ ಏಳುತ್ತದೆಯೇ ಎಂದು ನೋಡುವುದಷ್ಟೇ ನನ್ನ ಪಾಲಿಗಿತ್ತು. ಒಂದು ದಿನ ಹಿರಿಯ ಇನ್‌ಸ್ಪೆಕ್ಟರ್ ನಿವೃತ್ತರಾದರು. ಅವರ ಮೇಜಿನ ಜೊತೆ ‘ಶೇಡ್ ಓಕೆ’ ಎಂಬ ರಬ್ಬರ್ ಮೊಹರೂ ನನಗೆ ಬಂತು. ಬಣ್ಣ ಮಾದರಿಗೆ ಸರಿಹೊಂದಿದೆ ಎಂದು ಒತ್ತುವ ಮೊಹರು. ಆ ಹೊತ್ತಿಗೇ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ಮೊಹರಿನ ಜೊತೆ ಒಂದು ಕುರ್ಚಿ ಬಂದಿತ್ತು, ಕುರ್ಚಿಗೆ ಕೈಗಳಿದ್ದವು. ಕೈಯಿರುವ ಕುರ್ಚಿಗಾಗಿ ಸುಮ್ಮನಿದ್ದೆನೇ? ಹಾಗೆ ಬರೆದರೆ ತಮಾಷೆಯಾಗಿ ಕಾಣುತ್ತದೆ. ನಿಜದಲ್ಲಿ ಹೆದರಿದ್ದೆ ಎಂದು ತೋರುತ್ತದೆ.

ಆಮೇಲೆ ನಡೆದದ್ದು ಸುಲಭ. ಪೇಂಟ್ ಶಾಪಿನ ಮೇಸ್ತ್ರಿ ಪ್ರತಿ ಪ್ಯಾನೆಲ್ಲಿನ ಹಿಂಬದಿಗೆ ಶೇಡಿನ ನಂಬರನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ನಾನು ಆ ನಂಬರನ್ನೂ ಆರ್ಡರ್ ಹಾಳೆಯ ನಂಬರನ್ನೂ ಹೋಲಿಸಿ ನೋಡುತ್ತಿದ್ದೆ. ಆಮೇಲೆ ಪ್ಯಾನೆಲ್ಲನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ತಲೆ ಒಂದು ಕಡೆಗೆ ವಾಲಿಸಿ, “ಹ್ಞೂಂ” ಎಂದು ಮೊಹರು ಒತ್ತುತ್ತಿದ್ದೆ. ಎಲ್ಲವನ್ನೂ ಪಾಸು ಮಾಡಿದರೆ ಯಾರಿಗಾದರೂ ಅನುಮಾನ ಬಂದೀತೆಂದು ವರ್ಷಕ್ಕೆ ಮೂರು ನಾಲ್ಕು ಸಲ ಒಂದು ಬ್ಯಾಚನ್ನು ತಿರುಗಿ ಕಳಿಸುತ್ತಿದ್ದೆ. “ಒಂಚೂರು ಡಲ್ ಇದೆ ಮೇಸ್ತ್ರಿ” ಎನ್ನುತ್ತಿದ್ದೆ. ಡಲ್ ಎಂಬುದು ಬಹಳ ಕ್ಷೇಮದ ಮಾತು. ಇಲ್ಲವೆಂದು ಯಾರೂ ಸಾಧಿಸಲಾರರು.

ಮೇಸ್ತ್ರಿಗೆ ಆಗ ಐವತ್ತು ದಾಟಿತ್ತು. ಚಿಕ್ಕಬಾಣಾವರದ ಕಡೆಯ ಹಳ್ಳಿಯಲ್ಲಿ ತಲೆಮಾರುಗಳಿಂದ ಇದ್ದ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲ ಹೋದ ಮೇಲೆ ಬಣ್ಣಕ್ಕೆ ಬಂದವರು. ಬಣ್ಣ ಕಲೆಸುವಾಗ ಅವರು ಯಂತ್ರ ನಂಬುತ್ತಿರಲಿಲ್ಲ. ಕಡ್ಡಿಯಲ್ಲಿ ಒಂದು ಹನಿ ತೆಗೆದು ಡಬ್ಬದ ಮುಚ್ಚಳದ ಮೇಲಿಟ್ಟು, ಉಫ್ ಎಂದು ಊದಿ, ಶಟರಿನ ಹತ್ತಿರ ಹೋಗಿ ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ನಾನು ಡಲ್ ಎಂದ ಪ್ಯಾನೆಲ್ಲನ್ನೂ ಹಾಗೇ ಬಿಸಿಲಿಗೊಯ್ದು ಬಹಳ ಹೊತ್ತು ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡುತ್ತಿದ್ದರು. ಆಮೇಲೆ ಮತ್ತೆ ಕಲೆಸಲು ಹೋಗುತ್ತಿದ್ದರು.

ಹಕ್ಕಿ ನೋಡುವ ಹುಚ್ಚು ಹತ್ತಿದ್ದು ಇದೇ ಕಾಲದಲ್ಲಿ. ಬಣ್ಣ ತಿಳಿಯದವನಿಗೆ ಈ ಚಟವೇಕೆ ಎಂದು ಕೇಳಿದರೆ, ಹಕ್ಕಿಗೆ ಬಣ್ಣವೊಂದೇ ಅಲ್ಲವಲ್ಲ. ನಡಿಗೆ, ಬಾಲ, ಕೂಗು, ಕೂರುವ ಗತ್ತು ಇವೆ. ಕಾಗೆ ಮತ್ತು ಬೆಳ್ಳಕ್ಕಿ ನನಗೆ ಬಹಳ ಅನುಕೂಲದ ಹಕ್ಕಿಗಳು. ಗಿಳಿ ಕೂಗದೆ ಮರದಲ್ಲಿ ಕೂತರೆ ಮಾತ್ರ ನನ್ನ ಪಾಲಿಗೆ ಇಲ್ಲವೇ ಇಲ್ಲ. ನಮ್ಮ ಭಾನುವಾರದ ಗುಂಪನ್ನು ಒಬ್ಬ ನಿವೃತ್ತ ಪ್ರಾಣಿಶಾಸ್ತ್ರದ ಮೇಡಂ ನಡೆಸುತ್ತಿದ್ದರು. ಪೀಣ್ಯದ ಸುತ್ತ ಕಂಡ ಹಕ್ಕಿಗಳ ಪಟ್ಟಿ ಅವರ ಕೈಯಲ್ಲಿತ್ತು. ಯಾರು ಏನು ಕಂಡೆ ಎಂದರೂ ಅವರು ಕನ್ನಡಕದ ಮೇಲಿಂದ ನೋಡಿ, “ಕಂಡಿದ್ದಾ, ಅನ್ಸಿದ್ದಾ?” ಎಂದು ಕೇಳುತ್ತಿದ್ದರು. ಎಷ್ಟೋ ಹದ್ದುಗಳು, ಗಿಡುಗಗಳು ಆ ಒಂದು ಪ್ರಶ್ನೆಗೆ ಬಿದ್ದುಹೋಗಿವೆ.

ನಮ್ಮ ಕಾರ್ಖಾನೆಯ ಹಿಂದೆ ಯಾರೋ ಪಡೆದು ಕಟ್ಟದೆ ಬಿಟ್ಟಿದ್ದ ಒಂದು ಸೈಟಿತ್ತು. ಗೋಡೆ ಬಿದ್ದಿತ್ತು. ಆಳೆತ್ತರದ ಲಂಟಾನ, ನಡುವೆ ಎರಡು ಹೊಂಗೆ. ಅವರೆಕಾಯಿ ಕಾಲದ ಒಂದು ಬೆಳಿಗ್ಗೆ, ಶಿಫ್ಟಿಗೆ ಮುಂಚೆ, ಅದರೊಳಗೆ ಏನೋ ಹರಿದಾಡಿದ್ದನ್ನು ಕಂಡೆ. ಮುಂಗುಸಿ ಎಂದುಕೊಂಡೆ. ಮುಂಗುಸಿ ರೆಂಬೆ ಏರಿತು. ಏರಿದ ಮೇಲೆ ಬಾಲ ಕಾಣಿಸಿತು. ಮೈಗಿಂತ ಉದ್ದದ, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಗರಿಗಳು, ಪ್ರತಿ ಗರಿಯ ತುದಿಗೂ ಬಿಳಿ. ಡೊಂಕಾದ ದಪ್ಪ ಕೊಕ್ಕು. ಹಾರುವುದು ತನ್ನ ಮರ್ಯಾದೆಗೆ ಕಡಿಮೆ ಎಂಬಂತೆ ಕಡ್ಡಿಯಿಂದ ಕಡ್ಡಿಗೆ ಕುಪ್ಪಳಿಸಿ ಒಳಗೆ ಹೋಯಿತು.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ದಿನಚರಿ ಬರೆದೆ. ಬಾಲದ ಬಗ್ಗೆ ಆರು ಸಾಲು. ಕೊನೆಯಲ್ಲಿ ‘ಕೊಕ್ಕು ಕೆಂಪು’. ಗೊತ್ತಾಗದಿದ್ದಾಗ ಕೆಂಪು ಎನ್ನುವುದು ನನಗೆ ಚಿಕ್ಕಂದಿನಿಂದ ಬಂದ ಅಭ್ಯಾಸವಿರಬೇಕು. ಶಾಲೆಯಲ್ಲಿ ಕೇಳುತ್ತಿದ್ದದ್ದು ಹೆಚ್ಚಾಗಿ ಹೂವಿನ ಬಣ್ಣ.

ಸಂಜೆ ಮನೆಗೆ ಹೋಗಿ ಹಕ್ಕಿಗಳ ಪುಸ್ತಕ ತೆರೆದೆ. ಕೋಗಿಲೆಯ ಕುಲದಲ್ಲಿ ಹುಟ್ಟಿಯೂ ಪರರ ಗೂಡಿಗೆ ಮೊಟ್ಟೆಯಿಡದೆ ತಾವೇ ಸಂಸಾರ ಮಾಡುವ ಹಕ್ಕಿಗಳು ಕೆಲವಿವೆ. ಅವುಗಳಲ್ಲಿ ಪೊದೆಯೊಳಗೆ ಹೀಗೆ ನುಸುಳುವ ಉದ್ದಬಾಲದವು ನಮ್ಮ ಕಡೆ ಎರಡು. ಎರಡಕ್ಕೂ ಮಲ್ಕೋಹ ಎಂದೇ ಹೆಸರು. ಸಿರ್ಕೀರ್ ಮಲ್ಕೋಹದ ಮೈ ಕಂದು, ಕೊಕ್ಕು ಕೆಂಪು. ಹಸಿರುಕೊಕ್ಕಿನ ಮಲ್ಕೋಹದ ಮೈ ಹಸಿರು ಬೆರೆತ ಬೂದು, ಕೊಕ್ಕು ಹೆಸರೇ ಹೇಳುವಂತೆ. ಚಿತ್ರದಲ್ಲಿ ಎರಡೂ ಅಕ್ಕಪಕ್ಕ ಕೂತಿದ್ದವು, ನನ್ನ ಕಣ್ಣಿಗೆ ಅವಳಿಜವಳಿಯಂತೆ. ಲೋಕದ ಹಕ್ಕಿಗಳಲ್ಲಿ ನನಗೆಂದೇ ಹೆಕ್ಕಿ ಇಟ್ಟಂಥ ಜೋಡಿ.

ಒಂದು ದಾರಿಯಿತ್ತು. ಹಸಿರುಕೊಕ್ಕಿನದರ ಕಣ್ಣಿನ ಸುತ್ತ ನೀಲಿ ಇರುತ್ತದೆ ಎಂದು ಪುಸ್ತಕ ಹೇಳಿತ್ತು. ನೀಲಿ ನನಗೆ ಕಾಣುತ್ತದೆ. ಬೆಳಿಗ್ಗೆ ನೀಲಿ ಕಂಡಿತ್ತೇ? ಎಲೆಯ ನೆರಳು, ತಲೆ ಅರ್ಧ ಮರೆ. ಪುಸ್ತಕ ಓದಿದ ಹತ್ತು ನಿಮಿಷಕ್ಕೆ ನೀಲಿ ನೆನಪಾಗತೊಡಗಿತು. ಇನ್ನು ಹತ್ತು ನಿಮಿಷಕ್ಕೆ ಆ ನೀಲಿ ಇನ್ನಷ್ಟು ಗಾಢವಾಯಿತು. ದಿನಚರಿಯಲ್ಲಿ ನೀಲಿಯ ಸುದ್ದಿಯೇ ಇಲ್ಲ. ನನ್ನ ನೆನಪು ಪುಸ್ತಕ ನೋಡಿ ಬಣ್ಣ ಬಳಿದುಕೊಳ್ಳುತ್ತಿದೆ ಎಂದು ಗೊತ್ತಾಗಿ, ದಿನಚರಿಯನ್ನೇ ನಂಬೋಣ ಎಂದು ತೀರ್ಮಾನಿಸಿದೆ. ಬುದ್ಧಿವಂತನ ತೀರ್ಮಾನ! ನೆನಪಿನಲ್ಲಿ ಸೇರಿಕೊಂಡ ಒಂದು ಸುಳ್ಳನ್ನು ಬಿಟ್ಟು, ಕೈಯಾರೆ ಬರೆದ ಇನ್ನೊಂದನ್ನು ಹಿಡಿದುಕೊಂಡೆ.

ಮೇಡಮ್ಮಿಗೆ ಫೋನ್ ಮಾಡಿದೆ.

“ಸಿರ್ಕೀರಾ? ಪೀಣ್ಯದಲ್ಲಾ?” ಅವರ ದನಿ ಏರಿತು. “ನಮ್ಮ ಲಿಸ್ಟಲ್ಲೇ ಇಲ್ಲ ಕಣ್ರೀ ಅದು! ಕೊಕ್ಕು?”

“ಕೆಂಪು ಮೇಡಂ.”

“ಕಂಡಿದ್ದಾ, ಅನ್ಸಿದ್ದಾ?”

“ಕಂಡಿದ್ದು.”

“ಸರಿ ಹಾಗಾದ್ರೆ. ಈ ಭಾನುವಾರ ಗುಂಪನ್ನ ಅಲ್ಲಿಗೇ ಕರ್ಕೊಂಡ್ ಬರ್ತೀನಿ. ಪಟ್ಟಿಗೆ ಅಲ್ಲೇ ಸೇರಿಸಿಬಿಡೋಣ.”

ಫೋನಿಟ್ಟ ಮೇಲೆ ಲೆಕ್ಕ ಹಾಕಿದೆ. ಇವತ್ತು ಸೋಮವಾರ. ಭಾನುವಾರ ಹತ್ತು ಹನ್ನೆರಡು ಜೋಡಿ ಕಣ್ಣುಗಳು ಆ ಕೊಕ್ಕನ್ನು ನೋಡುತ್ತವೆ. ಅದು ಹಸಿರಾಗಿದ್ದರೆ, ಕೆಂಪು ಎಂದವನ ಕಣ್ಣು ಎಂಥದೆಂದು ಅವರಿಗೆ ತಿಳಿಯುತ್ತದೆ. ಗುಂಪಿನಲ್ಲಿ ಪೀಣ್ಯದ ಕಾರ್ಖಾನೆಗಳವರೇ ಮೂವರಿದ್ದರು. ಒಂದು ವಾರದಲ್ಲಿ ಸುದ್ದಿ ನಮ್ಮ ಕ್ಯಾಂಟೀನಿಗೆ ಬರುತ್ತದೆ. ಮೊಹರು ಹೋಗುತ್ತದೆ, ಬಹುಶಃ ಕೆಲಸವೂ. ಅದಕ್ಕೆ ಮೊದಲು ಕೊಕ್ಕಿನ ಬಣ್ಣ ನನಗೆ ಗೊತ್ತಾಗಲೇಬೇಕಿತ್ತು.

ಮಂಗಳವಾರ ಮೊಬೈಲಿನಲ್ಲಿ ಫೋಟೊ ತೆಗೆದೆ. ಆಗಿನ ಮೊಬೈಲಿನ ಕ್ಯಾಮೆರಾ ಇದೆ ಎಂದು ಹೇಳಿಕೊಳ್ಳುವುದಕ್ಕಷ್ಟೇ ಇರುತ್ತಿತ್ತು. ಪೊದೆ ಬಂತು. ಬುಧವಾರ ಹಕ್ಕಿಯೇ ಬರಲಿಲ್ಲ. ಯಾರನ್ನಾದರೂ ಕೇಳಬೇಕು, ಆದರೆ ಕೇಳಿದ್ದು ಗೊತ್ತಾಗಬಾರದು. ಗುರುವಾರ ನನಗೊಂದು ಉಪಾಯ ಹೊಳೆಯಿತು. ಈಗ ನೆನೆದರೆ ಅದು ಉಪಾಯವಾಗಿತ್ತೋ, ಹೇಳಿಬಿಡುವುದಕ್ಕೆ ನಾನೇ ಹುಡುಕಿಕೊಂಡ ನೆಪವಾಗಿತ್ತೋ ತಿಳಿಯುವುದಿಲ್ಲ.

“ಮೇಸ್ತ್ರಿ,” ಎಂದೆ, “ಹಿಂದುಗಡೆ ಪೊದೇಲಿ ಒಂದು ಹಕ್ಕಿ ಇದೆ. ಅದರ ಕೊಕ್ಕಿನ ಬಣ್ಣ ನಿಮ್ಮ ಶೇಡ್ ಕಾರ್ಡಲ್ಲಿ ಎಲ್ಲಿ ಬರುತ್ತೆ ಅಂತ ಹೇಳ್ತೀರಾ ನೋಡೋಣ.”

“ಅದೇನ್ ದೊಡ್ಡದು ಸಾರ್. ಉದ್ದ ಬಾಲದ್ದಾ? ನಮ್ಮೂರ್ ಬೇಲೀಲಿ ಇರ್ತಿತ್ತು.”

“ಹೆಸರೇನು ಅದಕ್ಕೆ?”

“ಎಸ್ರೇನೂ ಇಲ್ಲ. ಅದು ನಮ್ ತಂಟೆಗ್ ಬರ್ತಿರ್ಲಿಲ್ಲ, ನಾವ್ ಅದ್ರ ತಂಟೆಗೋಗ್ತಿರ್ಲಿಲ್ಲ.”

ಶುಕ್ರವಾರ ಬೆಳಿಗ್ಗೆ ಏಳಕ್ಕೆ ನಾವಿಬ್ಬರೂ ಬಿದ್ದ ಗೋಡೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದೆವು. ಮೇಸ್ತ್ರಿ ಜೇಬಿನಿಂದ ಶೇಡ್ ಕಾರ್ಡ್ ತೆಗೆದರು. ಉಗುರಗಲದ ಬಣ್ಣದ ಚೌಕಗಳನ್ನು ಸಾಲಾಗಿ ಅಂಟಿಸಿದ, ಮಡಚುವ ಕಾರ್ಡು. ನನ್ನ ಮೇಜಿನಲ್ಲೂ ಒಂದಿತ್ತು. ಪ್ರತಿ ಚೌಕದ ಕೆಳಗೂ ನಂಬರಿರುತ್ತದೆ, ಯಾವ ನಂಬರು ಯಾವ ಬಣ್ಣವೆಂಬುದು ನನಗೆ ಬಾಯಿಪಾಠ. ಅವರು ನಂಬರ್ ಹೇಳಿದರೆ ಸಾಕು, ಕೆಂಪೋ ಹಸಿರೋ ಗೊತ್ತಾಗಿಬಿಡುತ್ತದೆ. ಇದೇ ನನ್ನ ಉಪಾಯ.

ಹಕ್ಕಿ ಬಂತು. ಚಳಿಗೆ ಮೈ ಕಾಯಿಸಲೆಂದು ಲಂಟಾನದ ತುದಿಗೇರಿ, ರೆಕ್ಕೆ ಇಳಿಬಿಟ್ಟು, ಬಿಸಿಲಿಗೆ ಬೆನ್ನು ಕೊಟ್ಟು ಕೂತಿತು. ಮೇಸ್ತ್ರಿ ಒಂದು ಕಣ್ಣು ಮುಚ್ಚಿ, ಕಾರ್ಡನ್ನು ತೋಳಿನುದ್ದಕ್ಕೆ ಹಿಡಿದು, ಕೊಕ್ಕಿನಿಂದ ಕಾರ್ಡಿಗೆ, ಕಾರ್ಡಿನಿಂದ ಕೊಕ್ಕಿಗೆ ನೋಡಿದರು. ಅಷ್ಟು ಗಂಭೀರವಾಗಿ ಆ ಹಕ್ಕಿಯನ್ನು ಯಾವ ಪ್ರಾಣಿಶಾಸ್ತ್ರಜ್ಞರೂ ನೋಡಿರಲಾರರು.

“ಸಿಗ್ತು,” ಎಂದರು ಪಿಸುದನಿಯಲ್ಲಿ.

“ನಂಬರ್ ಹೇಳಿ.”

“ನಂಬರಿಲ್ಲ ಸಾರ್ ಇದಕ್ಕೆ. ಈ ಚೌಕಕ್ಕೂ ಈ ಚೌಕಕ್ಕೂ ಮಧ್ಯ ಬರ್ತೈತೆ. ಒಂಚೂರು ಬಿಳಿ ಬಿದ್ದೈತೆ.”

“ಯಾವ ಚೌಕ?”

“ಇದು ಸಾರ್. ಆಮೇಲೆ ಇದು.”

ಬಗ್ಗಿ ನೋಡಿದೆ. ಎರಡು ಮಂಕು ಚೌಕಗಳು. ಕೆಳಗಿನ ನಂಬರುಗಳು ಮಸಿಯಂತೆ ಹರಡಿಹೋಗಿದ್ದವು.

“ಇದರ ನಂಬರೇನು?”

“ತಿನ್ನರ್ ಬಿದ್ದು ಅಳ್ಸೋಗೈತೆ. ನಂಬರ್ ಯಾಕ್ ಸಾರ್, ಬಣ್ಣ ಕಾಣ್ತೈತಲ್ಲ.”

“ಕಾಣುತ್ತೆ.”

“ಮತ್ತೆ?”

ಹಕ್ಕಿ ಇನ್ನೊಂದು ರೆಕ್ಕೆ ಹರಡಿತು. ಅದು ಹೋಗಿಬಿಟ್ಟರೆ ಇವತ್ತಿನ ದಿನವೂ ಹೋಯಿತು.

“ಮೇಸ್ತ್ರಿ, ಅದು ಕೆಂಪೋ, ಹಸಿರೋ?”

ಅವರು ನಕ್ಕರು. ನಗುತ್ತಲೇ ನನ್ನ ಕಡೆ ತಿರುಗಿದರು. ಆ ಮುಖ ನನಗೆ ಚೆನ್ನಾಗಿ ನೆನಪಿದೆ ಎಂದು ಬರೆಯುವ ಆಸೆಯಾಗುತ್ತದೆ. ನೆನಪಿರುವುದು ನಗು ನಿಂತದ್ದು ಮಾತ್ರ.

“ಹಸ್ರು ಸಾರ್. ಎಳೇ ಹಸ್ರು. ಅವರೆಕಾಯಿ ಸಿಪ್ಪೆ ಇರ್ತೈತಲ್ಲ, ಅಂಗೆ. ಕಣ್ ಸುತ್ತ ನೀಲಿ ಬಳ್ದಂಗೈತೆ.” ಆಮೇಲೆ ನಿಧಾನವಾಗಿ ಕೇಳಿದರು: “ನಿಮ್ಗೆ ಕಾಣಲ್ವಾ?”

“ನೀಲಿ ಈಗ ಕಾಣ್ತಿದೆ. ಹಸಿರು ಕಾಣಲ್ಲ. ಕೆಂಪೂ ಕಾಣಲ್ಲ.”

“ಯಾವಾಗ್ಲಿಂದ?”

“ಹುಟ್ಟಿದಾಗ್ಲಿಂದ.”

ಮೇಸ್ತ್ರಿ ಕಾರ್ಡನ್ನು ಮಡಚಿದರು. ಮತ್ತೆ ಬಿಡಿಸಿದರು. “ಹೋದೊರ್ಸ ಆ ಹಸ್ರು ಬ್ಯಾಚು. ಮೂರ್ ಸಲ ವಾಪಸ್ ಕಳ್ಸಿದ್ರಲ್ಲ. ಏನ್ ಕಂಡು ಕಳ್ಸಿದ್ರಿ?”

“ಏನೂ ಕಾಣದೆ.”

“ನಾನ್ ಮೂರ್ ರಾತ್ರಿ ನಿದ್ದೆ ಮಾಡ್ಲಿಲ್ಲ ಸಾರ್. ಕಣ್ಣೋಗ್ತೈತೆ ನಂಗೆ ಅಂದ್ಕೊಂಡು ಕಣ್ ಡಾಕ್ಟ್ರ ಹತ್ರ ಹೋಗ್ಬಂದೆ. ನಮ್ಮನೇವ್ಳು ದೇವ್ರಿಗೆ ಬೆಳ್ಳಿ ಕಣ್ ಮಾಡ್ಸಾಕ್ತೀನಿ ಅಂತ ಹರಕೆ ಹೊತ್ಲು.”

“ಬಣ್ಣ ಚೆನ್ನಾಗಿತ್ತು ಮೇಸ್ತ್ರಿ” ಎಂದೆ.

“ಅದ್ ನಿಮ್ಗೆಂಗ್ ಗೊತ್ತು?” ಎಂದು ಎದ್ದು ಹೋದರು. ಹಕ್ಕಿಯೂ ಹೋಯಿತು.

ಅವತ್ತು ಹತ್ತು ಗಂಟೆಗೆ ನನ್ನ ಮೇಜಿಗೆ ಹದಿನಾಲ್ಕು ಪ್ಯಾನೆಲ್ಲುಗಳು ಬಂದವು. ಒಂದರ ಹಿಂದೆಯೂ ಸೀಮೆಸುಣ್ಣದ ಗೀಟಿಲ್ಲ. ಮೇಸ್ತ್ರಿ ಕೈಕಟ್ಟಿ ಪಕ್ಕದಲ್ಲಿ ನಿಂತರು.

“ನೋಡಿ ಸಾರ್. ಶೇಡ್ ಓಕೆನಾ?”

ನಾನು ಒಂದನ್ನು ಎತ್ತಿ ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ. ಅಭ್ಯಾಸಬಲದಿಂದ ತಲೆ ತಾನಾಗಿ ವಾಲಿತು.

“ತಲೆ ಚೆನ್ನಾಗ್ ವಾಲಿಸ್ತೀರ,” ಎಂದರು. “ಇಷ್ಟ್ ದಿನ ಅದನ್ನ್ ನೋಡೇ ನಾನ್ ಹೆದ್ರುತಿದ್ದಿದ್ದು.”

ಪ್ಯಾನೆಲ್ ಕೆಳಗಿಟ್ಟೆ.

“ಮ್ಯಾನೇಜರ್ಗೆ ನೀವ್ ಹೇಳ್ತೀರೋ, ನಾನ್ ಹೇಳ್ಲೋ?”

“ನಾನೇ ಹೇಳ್ತೀನಿ. ಸೋಮವಾರ.”

“ಸೋಮ್ವಾರ ಯಾಕೆ? ಇವತ್ತೇನ್ ಅಮಾವಾಸ್ಯೇನಾ?”

ಭಾನುವಾರದ ಗುಂಪಿನ ಕಥೆ ಹೇಳಿದೆ. ಮೇಡಮ್ಮಿಗೆ ಕೆಂಪು ಎಂದಿರುವುದನ್ನೂ ಹೇಳಿದೆ. ಮೊದಲು ಅಲ್ಲಿ ಒಪ್ಪಿಕೊಳ್ಳುತ್ತೇನೆ, ಆಮೇಲೆ ಮ್ಯಾನೇಜರಿಗೆ ಹೇಳುವುದು ಸುಲಭವಾಗುತ್ತದೆ ಎಂದೆ. ಅವರು ಕೇಳಿಕೊಂಡು, ಹದಿನಾಲ್ಕು ಪ್ಯಾನೆಲ್ಲುಗಳನ್ನೂ ಒಂದೊಂದಾಗಿ ತಿರುಗಿಸಿ, ಹಿಂದೆ ನಂಬರ್ ಬರೆದರು. “ಮಾಲ್ ನಿಲ್ಬಾರ್ದು” ಎಂದಷ್ಟೇ ಹೇಳಿದರು. ನಾನು ಮೊಹರು ಒತ್ತಲಿಲ್ಲ. ಅವರ ಕೈಗೆ ಕೊಟ್ಟೆ. ಅವರೇ ಒತ್ತಿದರು. ಮೊದಲನೆಯದು ತಲೆಕೆಳಗಾಗಿ ಬಿತ್ತು.

ಭಾನುವಾರ ಗುಂಪು ಬಂತು. ಕರೆಯದಿದ್ದರೂ ಮೇಸ್ತ್ರಿಯೂ ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಪೊದೆಗೆ ಬಿಳಿ ಅಂಗಿ ಬೇಡ, ಹಕ್ಕಿ ಹೆದರುತ್ತದೆ ಎಂದು ಯಾರೋ ಹೇಳಿದರು. “ನಮ್ಮೂರ್ ಹಕ್ಕಿ ಹೆದ್ರಲ್ಲ” ಎಂದು ಮೇಸ್ತ್ರಿ ಮುಂದೆಯೇ ನಿಂತರು. ಹಕ್ಕಿ ಹೆದರಲಿಲ್ಲ. ಬಾರದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಅದು ಎಂದಿಗಿಂತ ಬೇಗ ಬಂದು, ಎಂದಿಗಿಂತ ಎತ್ತರದ ಕಡ್ಡಿಯಲ್ಲಿ ಕೂತಿತು.

ಮೇಡಂ ದುರ್ಬೀನು ಇಳಿಸಿದರು. “ಇದು ಹಸಿರುಕೊಕ್ಕಿಂದು.”

“ಹೌದು ಮೇಡಂ.”

“ನೀವು ಕೆಂಪು ಅಂದ್ರಲ್ಲ? ಕಂಡಿದ್ದು ಅಂದ್ರಿ.”

“ನನಗೆ ಕೆಂಪು ಹಸಿರು ಗೊತ್ತಾಗಲ್ಲ ಮೇಡಂ. ಹುಟ್ಟಿನಿಂದಲೇ. ಅವತ್ತು ಸುಳ್ಳು ಹೇಳಿದೆ.”

ಗುಂಪಿನಲ್ಲೊಬ್ಬ, “ಗುರು, ಹೋದ ತಿಂಗಳು ಆ ಕೆಂಪು ಮುನಿಯಾ ಹಕ್ಕಿ ತೋರಿಸಿದ್ದು ನೀನೇ ಅಲ್ವಾ?” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ದಿನಚರಿಯಲ್ಲಿದೆ. ನಕ್ಕಿರಲಾರೆ.

ಮೇಡಂ ನಗಲಿಲ್ಲ. ಪಟ್ಟಿ ತೆಗೆದರು. “ಬಾಲ ಯಾರು ನೋಡಿದ್ದು?”

“ನಾನು.”

“ಬಾಲ ಸರಿಯಾಗೇ ವರ್ಣಿಸಿದ್ರಿ. ಕೊಕ್ಕಿನ ಹಸಿರು ಮೊದಲು ಕಂಡಿದ್ದು ಯಾರು?”

“ನಾನು,” ಎಂದು ಮೇಸ್ತ್ರಿ ಕೈಯೆತ್ತಿದರು, ತರಗತಿಯಲ್ಲಿ ಎತ್ತುವಂತೆ.

“ಕಂಡಿದ್ದಾ, ಅನ್ಸಿದ್ದಾ?”

ಮೇಸ್ತ್ರಿ ಜೇಬಿನಿಂದ ಶೇಡ್ ಕಾರ್ಡ್ ತೆಗೆದು, ಎರಡು ಚೌಕಗಳ ಮೇಲೆ ಬೆರಳಿಟ್ಟು ತೋರಿಸಿದರು. “ಇದಕ್ಕೂ ಇದಕ್ಕೂ ಮಧ್ಯ ಮೇಡಂ. ನೀವೇ ಹಿಡ್ದ್ ನೋಡಿ.” ಮೇಡಂ ಹಿಡಿದು ನೋಡಿದರು. ಪಟ್ಟಿಯಲ್ಲಿ ಒಂದೇ ಹಕ್ಕಿಯ ಮುಂದೆ ನಮ್ಮಿಬ್ಬರ ಹೆಸರನ್ನೂ ಬರೆದರು. ಆಕಾರ ನನ್ನದು, ಬಣ್ಣ ಅವರದು.

ಸೋಮವಾರ ಮ್ಯಾನೇಜರಿಗೆ ಹೇಳಿದೆ. ಅವರು ಬಹಳ ಹೊತ್ತು ನನ್ನ ಕಣ್ಣನ್ನೇ ನೋಡಿದರು, ಅಲ್ಲಿ ಏನಾದರೂ ಬರೆದಿದೆಯೇನೋ ಎಂಬಂತೆ.

“ಇಷ್ಟು ವರ್ಷ ಒಂದೂ ಶೇಡ್ ಕಂಪ್ಲೇಂಟ್ ಬಂದಿಲ್ವಲ್ರೀ?”

“ಮೇಸ್ತ್ರಿ ಒಂದು ಸಲಾನೂ ತಪ್ಪು ಕಲೆಸಿಲ್ಲ ಸಾರ್. ವಾಪಸ್ ಕಳಿಸಿದ್ದೆಲ್ಲ ನನ್ನ ತಪ್ಪು.”

ಬಾಗಿಲ ಹೊರಗೆ ಮೇಸ್ತ್ರಿ ನಿಂತಿದ್ದರು, ಏನೋ ಕಾಗದ ಹಿಡಿದುಕೊಂಡು. ನಾನು ಹೇಳುತ್ತೇನೋ ಇಲ್ಲವೋ ಎಂದು ನೋಡಲು ಬಂದಿದ್ದರೆಂದು ನನ್ನ ಗುಮಾನಿ. ಕಾಗದ ಖಾಲಿಯಿತ್ತು. ಇಷ್ಟನ್ನು ಮಾತ್ರ ಖಂಡಿತ ಹೇಳಬಲ್ಲೆ, ಬಿಳಿ ನನಗೆ ಸ್ಪಷ್ಟವಾಗಿ ಕಾಣುತ್ತದೆ.

ಕೆಲಸ ಹೋಗಲಿಲ್ಲ. ದಪ್ಪ, ಗೀರು, ಕೆರೆತ ನನಗೇ ಉಳಿದವು. ಮೊಹರು ಮೇಸ್ತ್ರಿಗೆ ಹೋಯಿತು, ಕೈಯಿರುವ ಕುರ್ಚಿಯೂ. ಕಲೆಸುವವನೇ ಪಾಸು ಮಾಡಿದರೆ ಎಲ್ಲವೂ ಪಾಸಾಗುತ್ತದೆ ಎಂದು ಕ್ಯಾಂಟೀನಿನಲ್ಲಿ ಆಡಿಕೊಂಡರು. ಮೊದಲ ತಿಂಗಳಿನಲ್ಲೇ ಮೇಸ್ತ್ರಿ ತಮ್ಮ ಬ್ಯಾಚುಗಳನ್ನು ತಾವೇ ತಿರುಗಿ ಕಳಿಸಿದರು. ನಾನು ಇಡೀ ವರ್ಷದಲ್ಲಿ ಕಳಿಸುತ್ತಿದ್ದದ್ದಕ್ಕಿಂತ ಹೆಚ್ಚು. ಒಂದು ಬೆಳಿಗ್ಗೆ ಟೀ ತರುವಾಗ ನೋಡಿದೆ. ಒಂದು ಪ್ಯಾನೆಲ್ಲನ್ನು ಶಟರಿನ ಬಿಸಿಲಿಗೆ ಹಿಡಿದು, ಇಟ್ಟು, ಮತ್ತೆ ಹಿಡಿದು, ತಲೆಯಾಡಿಸುತ್ತಿದ್ದರು.

“ಏನಾಗಿದೆ ಮೇಸ್ತ್ರಿ ಅದಕ್ಕೆ?” ಎಂದು ಕೇಳಿದೆ.

ಅವರು ತಿರುಗಿ ನೋಡಿ, ನನ್ನ ಕೈಯಿಂದ ಟೀ ತೆಗೆದುಕೊಂಡರು.

“ನಿಮ್ಗೇಳಿ ಏನ್ ಪ್ರಯೋಜ್ನ ಸಾರ್.”